‘ನೋವು ಹೇಗಿದೆ ಕಂದಾ?’

ನನ್ನ ಮಗಳ ಕಾಲಿಗೆ ಫ್ಯಾನಿನ ಗಾಳಿ ತಾಗಿದರೂ ನೋವಾಗುತ್ತಿತ್ತು. ಮಾರ್ಚ್ ತಿಂಗಳು, ಶಿವಮೊಗ್ಗದ ಸೆಕೆ. ಫ್ಯಾನ್ ಆಫ್ ಮಾಡಿ, ಅವಳ ಮುಖಕ್ಕೆ ಮಾತ್ರ ರಟ್ಟಿನಿಂದ ಗಾಳಿ ಬೀಸುತ್ತಾ ರಾತ್ರಿ ಕಳೆಯುತ್ತಿದ್ದೆ. ನಿದ್ದೆಯಲ್ಲಿ ಸೊಳ್ಳೆಪರದೆಯ ಅಂಚು ಎಡಪಾದಕ್ಕೆ ಸೋಕಿದರೆ ಚೀರಿಕೊಂಡು ಎದ್ದು ಕೂರುತ್ತಿದ್ದಳು. ಹದಿಮೂರು ವರ್ಷದ ಹುಡುಗಿ. ಎರಡು ತಿಂಗಳ ಹಿಂದೆ ಖೋ ಖೋ ಅಂಕಣದಲ್ಲಿ ಕಂಬ ಸುತ್ತಿ ಓಡುತ್ತಿದ್ದವಳು.

ಶುರುವಾಗಿದ್ದು ಒಂದು ಉಳುಕಿನಿಂದ. ಜನವರಿಯಲ್ಲಿ ಶಾಲೆಯ ಕ್ರೀಡಾಕೂಟ. ಓಡುವಾಗ ಪಾದ ಮಡಚಿಕೊಂಡಿತು. ಎಕ್ಸ್‌ರೇ ಮಾಡಿಸಿದೆವು, ಮೂಳೆ ಮುರಿದಿರಲಿಲ್ಲ. ಮೂರು ವಾರ ಪ್ಲಾಸ್ಟರ್ ಸ್ಲ್ಯಾಬ್ ಹಾಕಿದರು, ಕಾಲು ಊರಬೇಡ ಅಂದರು. ಸ್ಲ್ಯಾಬ್ ಬಿಚ್ಚಿದ ದಿನ ನೋವು ಕಡಿಮೆಯಾಗಿರಬೇಕಿತ್ತು, ಅಲ್ವಾ? ಜಾಸ್ತಿಯಾಗಿತ್ತು. ಮೊದಲು ಪಾದದ ಕೀಲಿನ ಹತ್ತಿರ ಮಾತ್ರ ಇದ್ದದ್ದು ಇಡೀ ಪಾದಕ್ಕೆ ಹಬ್ಬಿತು. ಪಾದ ತಣ್ಣಗಾಯಿತು. ಸಂಜೆ ಹೊತ್ತಿಗೆ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ಕಾಲುಚೀಲ ಹಾಕುವುದಿರಲಿ, ಸ್ನಾನದ ನೀರು ಬಿದ್ದರೂ ಅಳುತ್ತಿದ್ದಳು. ಯಾವ ಥರ ನೋವು ಅಂತ ಕೇಳಿದರೆ ದಿನಕ್ಕೊಂದು ಮಾತು ಹೇಳುತ್ತಿದ್ದಳು. ಉರಿ ಅಮ್ಮ. ಸಿಡೀತಿದೆ ಅಮ್ಮ. ಒಳಗಡೆ ಯಾರೋ ಹಿಂಡ್ತಿದ್ದಾರೆ ಅಮ್ಮ.

ನಾಲ್ಕು ಕಡೆ ತೋರಿಸಿದೆವು. ಎಂ.ಆರ್.ಐ. ಆಯಿತು, ರಕ್ತ ಪರೀಕ್ಷೆಗಳಾದವು. ಎಲ್ಲ ನಾರ್ಮಲ್. ಆ ‘ನಾರ್ಮಲ್’ ಅನ್ನುವ ಮಾತು ನಮಗೆ ಸಂತೋಷ ಕೊಡಬೇಕಿತ್ತು. ಆದರೆ ಒಬ್ಬೊಬ್ಬರು ಅದನ್ನು ಹೇಳಿದಾಗಲೂ ಮಗಳ ಮುಖ ಇನ್ನಷ್ಟು ಸಣ್ಣದಾಗುತ್ತಿತ್ತು. ಒಬ್ಬರು ಅವಳೆದುರೇ ಕೇಳಿದರು, “ಪರೀಕ್ಷೆ ಹತ್ತಿರ ಬಂತಲ್ವಾ?” ಅಂತ. ನೆಂಟರೊಬ್ಬರು ದೃಷ್ಟಿ ತೆಗೆಸಲು ಹೇಳಿದರು, ಇನ್ನೊಬ್ಬರು ಎರಡು ಏಟು ಕೊಡಲು ಹೇಳಿದರು.

ಇವರನ್ನೆಲ್ಲ ದೂರಿ ನಾನು ಪಾರಾಗುವ ಹಾಗಿಲ್ಲ. ಒಂದು ರಾತ್ರಿ ನಾನೇ ಅವಳ ಪಕ್ಕ ಕೂತು ಮೆತ್ತಗೆ ಕೇಳಿದೆ, “ನಿಜ ಹೇಳು ಪುಟ್ಟ, ಸ್ಕೂಲಲ್ಲಿ ಏನಾದ್ರೂ ಆಗಿದೆಯಾ?” ಅವಳು ಏನೂ ಹೇಳಲಿಲ್ಲ. ಗೋಡೆ ಕಡೆ ಮುಖ ತಿರುಗಿಸಿ ಮಲಗಿದಳು. ಕಾಲು ಮಾತ್ರ ಹಾಸಿಗೆಗೆ ತಾಗದ ಹಾಗೆ ಎತ್ತಿ ಹಿಡಿದಿದ್ದಳು. ನಿದ್ದೆ ಬರುವವರೆಗೂ ಹಾಗೇ ಹಿಡಿದಿದ್ದಳು. ನಾಟಕ ಆಡುವ ಮಗು ಕತ್ತಲಲ್ಲಿ, ಯಾರೂ ನೋಡದಿರುವಾಗ, ಹಾಗೆ ಕಾಲು ಎತ್ತಿ ಹಿಡಿಯುತ್ತದಾ? ಆ ಪ್ರಶ್ನೆ ಕೇಳಬಾರದಿತ್ತು ಅಂತ ಇವತ್ತಿಗೂ ಅನ್ನಿಸುತ್ತದೆ.

ಏಪ್ರಿಲ್‌ನಲ್ಲಿ ಬೆಂಗಳೂರಿಗೆ ಹೋದೆವು. ಅಲ್ಲಿ ನೋವಿನ ಚಿಕಿತ್ಸೆಯನ್ನೇ ಮಾಡುವ ವೈದ್ಯೆಯೊಬ್ಬರು ಸಿಕ್ಕರು. ನಾನು ಕೊಟ್ಟ ಫೈಲ್ ಪಕ್ಕಕ್ಕಿಟ್ಟು ಮೊದಲು ಎರಡೂ ಪಾದಗಳನ್ನು ಜೋಡಿಸಿಟ್ಟು ನೋಡಿದರು. ಕೈಯ ಹಿಂಭಾಗದಿಂದ ಬಲಪಾದ ಮುಟ್ಟಿದರು. ಎಡಪಾದವನ್ನು ಮುಟ್ಟದೆ, ಹತ್ತಿರ ಕೈ ಹಿಡಿದು, “ಮುಟ್ಟಲಾ?” ಅಂತ ಅವಳನ್ನೇ ಕೇಳಿದರು. ಆಮೇಲೆ ಹೇಳಿದರು, “ನಿನಗೆ ನೋವಿದೆ. ನಾನು ನಂಬ್ತೀನಿ.” ಮೂರು ತಿಂಗಳಲ್ಲಿ ಅವಳು ಜೋರಾಗಿ, ಬಿಕ್ಕಿ ಬಿಕ್ಕಿ ಅತ್ತದ್ದು ಅವತ್ತೇ. ನೋವಿಗೆ ಅಳುತ್ತಿದ್ದದ್ದಕ್ಕಿಂತ ಅದು ಬೇರೆ ಅಳು.

ಕಾಯಿಲೆಯ ಹೆಸರು ಕಾಂಪ್ಲೆಕ್ಸ್ ರೀಜನಲ್ ಪೇನ್ ಸಿಂಡ್ರೋಮ್. ಚಿಕ್ಕದಾಗಿ ಸಿ.ಆರ್.ಪಿ.ಎಸ್. ಮಕ್ಕಳಲ್ಲಿ ಇದು ಹುಡುಗಿಯರಲ್ಲೇ ಹೆಚ್ಚು. ಹನ್ನೆರಡು ಹದಿಮೂರರ ಆಸುಪಾಸು. ದೊಡ್ಡವರಲ್ಲಿ ಕೈಗೆ ಜಾಸ್ತಿ ಬಂದರೆ ಮಕ್ಕಳಲ್ಲಿ ಕಾಲಿಗೆ ಜಾಸ್ತಿ. ಎಷ್ಟೋ ಸಲ ಸಣ್ಣ ಉಳುಕಿನ ನಂತರ ಶುರುವಾಗುತ್ತದೆ. ಅಲುಗಾಡಿಸದೆ ಇಟ್ಟಷ್ಟೂ ಬಲಿಯುತ್ತದೆ. ಅಂದರೆ ನಾವು ಮೂರು ತಿಂಗಳು ಮಾಡಿದ ಆರೈಕೆ, ಕಾಲು ಊರಬೇಡ, ಎದ್ದೇಳಬೇಡ, ನಾನೇ ಎತ್ತಿಕೊಂಡು ಹೋಗ್ತೀನಿ ಅಂದದ್ದೆಲ್ಲ, ನೋವಿನ ಪರವಾಗಿಯೇ ಕೆಲಸ ಮಾಡಿತ್ತು.

ಅಲ್ಲಿಂದ ನನ್ನ ಓದು ಶುರುವಾಯಿತು. ನಾನು ವೈದ್ಯೆ ಅಲ್ಲ, ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವವಳು. ಆದರೆ ಮಗು ಮಲಗಿದ ಮೇಲೆ ಫೋನ್ ಹಿಡಿದು ಸಂಶೋಧನೆಗಳನ್ನು ಒಂದೊಂದೇ ಓದಿದೆ. ಅರ್ಥವಾಗದ್ದನ್ನು ಬರೆದಿಟ್ಟುಕೊಂಡು ವೈದ್ಯರನ್ನು ಕೇಳಿದೆ.

ಓದುತ್ತಾ ಹೋದಾಗ ನನ್ನನ್ನು ಅಲುಗಾಡಿಸಿದ ವಿಷಯ ಸಿ.ಆರ್.ಪಿ.ಎಸ್. ಬಗ್ಗೆ ಅಲ್ಲ, ಹಸುಗೂಸುಗಳ ಬಗ್ಗೆ. 1980ರ ದಶಕದವರೆಗೂ ಆಗ ತಾನೇ ಹುಟ್ಟಿದ ಮಕ್ಕಳಿಗೆ ಸರಿಯಾದ ನೋವು ನಿವಾರಕ ಕೊಡದೆ ಆಪರೇಷನ್ ಮಾಡುವುದು ದೊಡ್ಡ ದೊಡ್ಡ ದೇಶಗಳಲ್ಲೂ ನಡೆಯುತ್ತಿತ್ತು. ಅವುಗಳ ನರಗಳು ಇನ್ನೂ ಬಲಿತಿಲ್ಲ, ನೋವು ತಿಳಿಯುವುದಿಲ್ಲ ಅನ್ನುವ ನಂಬಿಕೆ. ಇದನ್ನು ಪ್ರಶ್ನಿಸಿದವರಲ್ಲಿ ಮುಖ್ಯರು ಕನ್ವಲ್ಜೀತ್ ಆನಂದ್. ಭಾರತದಲ್ಲಿ ವೈದ್ಯಕೀಯ ಓದಿ, ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡ್‌ಗೆ ಹೋದವರು. ದಿನ ತುಂಬದೆ ಹುಟ್ಟಿ, ಹೃದಯದ ಬಳಿಯ ರಕ್ತನಾಳಕ್ಕೆ ಆಪರೇಷನ್ ಬೇಕಾಗಿದ್ದ ಕೂಸುಗಳನ್ನು ಅವರು ಅಧ್ಯಯನ ಮಾಡಿದರು. ಆಗಿನ ಪದ್ಧತಿಯಂತೆ ನಗೆ ಅನಿಲ ಮತ್ತು ಸ್ನಾಯು ಸಡಿಲಿಸುವ ಔಷಧ ಎಲ್ಲರಿಗೂ ಇತ್ತು. ಕೆಲವು ಕೂಸುಗಳಿಗೆ ಅದರ ಜೊತೆ ಫೆಂಟನಿಲ್ ಎಂಬ ನೋವು ನಿವಾರಕವನ್ನೂ ಕೊಟ್ಟರು. ಫೆಂಟನಿಲ್ ಸಿಕ್ಕ ಕೂಸುಗಳ ದೇಹ ಆಪರೇಷನ್ನಿನ ಆಘಾತವನ್ನು ಎಷ್ಟೋ ಚೆನ್ನಾಗಿ ತಡೆದುಕೊಂಡಿತು, ಆಮೇಲಿನ ತೊಂದರೆಗಳೂ ಕಡಿಮೆಯಾದವು. ಇದು ಪ್ರಕಟವಾದದ್ದು 1987ರಲ್ಲಿ. ನಾನು ಆಗ ಒಂದನೇ ತರಗತಿಯಲ್ಲಿದ್ದೆ. ಅಂದರೆ ಇದು ಯಾವುದೋ ಕತ್ತಲ ಕಾಲದ ಕಥೆಯಲ್ಲ, ನನ್ನ ಜೀವಮಾನದ್ದು.

ಅಳುವ ಕೂಸನ್ನು ನೋಡಿಯೂ ನೋವಿಲ್ಲ ಅಂದುಕೊಳ್ಳಲು ಸಾಧ್ಯವಾಗಿತ್ತು ಅಂದರೆ, ಹದಿಮೂರರ ಹುಡುಗಿ ಬಾಯಿಬಿಟ್ಟು ಹೇಳಿದರೂ ನಂಬದಿರುವುದು ಏನು ಮಹಾ ಅಂತ ಆ ರಾತ್ರಿ ಅನ್ನಿಸಿತು.

ನೋವನ್ನು ಅಧ್ಯಯನ ಮಾಡುವವರ ಅಂತರರಾಷ್ಟ್ರೀಯ ಸಂಘವೊಂದಿದೆ. ನೋವು ಅಂದರೆ ಏನು ಅಂತ ಅವರು 1979ರಲ್ಲಿ ಒಂದು ವ್ಯಾಖ್ಯೆ ಕೊಟ್ಟಿದ್ದರು. 2020ರಲ್ಲಿ ಅದನ್ನು ತಿದ್ದಿದರು. ನೋವು ಒಂದು ಅನುಭವ, ಅದರಲ್ಲಿ ದೇಹವೂ ಇದೆ, ಭಾವನೆಯೂ ಇದೆ. ಅಂಗಾಂಶಕ್ಕೆ ಪೆಟ್ಟಾಗಿರಬಹುದು, ಅಥವಾ ಪೆಟ್ಟಾದಾಗ ಅನ್ನಿಸುವ ಹಾಗೆ ಅನ್ನಿಸುತ್ತಿರಬಹುದು. ಅದರ ಕೆಳಗಿನ ಟಿಪ್ಪಣಿಗಳಲ್ಲಿ ಎರಡು ಮಾತು ನನಗೆ ಮುಖ್ಯ. ಒಂದು, ಯಾರಾದರೂ ನನಗೆ ನೋವಿದೆ ಅಂದರೆ ಆ ಮಾತನ್ನು ಗೌರವಿಸಬೇಕು. ಇನ್ನೊಂದು, ಬಾಯಿಬಿಟ್ಟು ಹೇಳಲಾಗದವರಿಗೂ ನೋವಿರಬಹುದು. ಅದಕ್ಕೂ ಮೊದಲು, 2017ರಲ್ಲಿ, ಇದೇ ಸಂಘ ‘ನೋಸಿಪ್ಲಾಸ್ಟಿಕ್’ ಅನ್ನುವ ಹೊಸ ಪದವನ್ನು ಒಪ್ಪಿಕೊಂಡಿತ್ತು. ಗಾಯವೂ ಕಾಣುವುದಿಲ್ಲ, ನರ ಕೆಟ್ಟಿರುವುದೂ ಕಾಣುವುದಿಲ್ಲ, ಆದರೆ ನೋವನ್ನು ಗ್ರಹಿಸುವ ವ್ಯವಸ್ಥೆಯೇ ಬದಲಾಗಿದೆ ಅನ್ನುವ ಸ್ಥಿತಿಗೆ ಆ ಹೆಸರು. 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಮೂರು ತಿಂಗಳಿಗಿಂತ ಹೆಚ್ಚು ಕಾಲ ಇರುವ ನೋವಿಗೆ ತನ್ನದೇ ಜಾಗ ಸಿಕ್ಕಿದೆ. ಅದು ಬೇರೆ ಯಾವುದೋ ಕಾಯಿಲೆಯ ಬಾಲ ಆಗಿರಲೇಬೇಕು ಅಂತಿಲ್ಲ. ಅದೇ ಒಂದು ಕಾಯಿಲೆ ಆಗಿರಬಹುದು.

ಎಷ್ಟು ಮಕ್ಕಳಿಗೆ ಹೀಗೆ ದೀರ್ಘಕಾಲದ ನೋವು ಇರುತ್ತದೆ? ಕೆನಡಾದ ಕ್ರಿಸ್ಟೀನ್ ಚೇಂಬರ್ಸ್ ಮತ್ತು ಜೊತೆಗಾರರು ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ 2024ರಲ್ಲಿ ಲೆಕ್ಕ ಹಾಕಿದರು. ಶೇ 20.8. ಐದರಲ್ಲಿ ಒಂದು ಮಗು. ತಲೆನೋವು, ಮೈಕೈ ನೋವು, ಹೊಟ್ಟೆನೋವು, ಎಲ್ಲ ಸೇರಿ. ಎಲ್ಲರಿಗೂ ನನ್ನ ಮಗಳಷ್ಟು ಜೋರಾಗಿ ಇರುವುದಿಲ್ಲ, ನಿಜ. ಆದರೂ ನನ್ನ ಕ್ಲಾಸಿನಲ್ಲಿ ನಲವತ್ತೈದು ಮಕ್ಕಳಿದ್ದಾರೆ. ಒಂಬತ್ತು ಜನ. ಮಾರನೇ ದಿನ ಹಾಜರಿ ಕರೆಯುವಾಗ ನಾನು ಒಬ್ಬೊಬ್ಬರ ಮುಖ ನೋಡಿದೆ. ಆಗಾಗ ತಲೆನೋವು ಅಂತ ಬೆಂಚಿನ ಮೇಲೆ ತಲೆ ಇಡುವ ಹುಡುಗನಿಗೆ ನಾನು ಎಷ್ಟು ಸಲ “ಎದ್ದೇಳು, ಸೋಮಾರಿ” ಅಂದಿದ್ದೆ.

ಸಿ.ಆರ್.ಪಿ.ಎಸ್. ಅಂದರೆ ಏನು ಅಂತ ಮಗಳಿಗೆ ಹೇಳಿದ್ದು ನಮ್ಮ ಫಿಸಿಯೋಥೆರಪಿಸ್ಟ್. “ನಿಮ್ಮ ಬೀದೀಲಿ ನಾಯಿ ಇದೆಯಾ? ರಾತ್ರಿ ಕಳ್ಳ ಬಂದ. ನಾಯಿ ಬೊಗಳ್ತು. ಒಳ್ಳೇದೇ. ಕಳ್ಳ ಹೋದ. ನಾಯಿ ಇನ್ನೂ ಬೊಗಳ್ತಾನೇ ಇದೆ. ಈಗ ಎಲೆ ಬಿದ್ರೂ ಬೊಗಳತ್ತೆ, ಹಾಲಿನವನು ಬಂದ್ರೂ ಬೊಗಳತ್ತೆ. ನಿನ್ನ ಕಾಲಲ್ಲಿ ಕಳ್ಳ ಇಲ್ಲ. ಆದರೆ ಬೊಗಳೋದು ನಿಜ, ನಿನಗೆ ಕೇಳಿಸ್ತಿರೋದೂ ನಿಜ. ನಾವು ನಾಯಿನ ಹೊಡೆಯೋದು ಬೇಡ. ಹಾಲಿನವನನ್ನ ಪರಿಚಯ ಮಾಡಿಸೋಣ.” ಮಗಳು ಮೊದಲ ಸಲ ನಕ್ಕಳು.

ಹಾಲಿನವನನ್ನು ಪರಿಚಯಿಸುವುದು ಅಂದರೆ, ಪಾದಕ್ಕೆ ಮತ್ತೆ ಸ್ಪರ್ಶ ಕಲಿಸುವುದು. ಮೊದಲ ವಾರ ಹತ್ತಿಯ ಉಂಡೆ. ಆಮೇಲೆ ಹಳೆಯ ಪಂಚೆಯ ಬಟ್ಟೆ. ಆಮೇಲೆ ಟರ್ಕಿ ಟವೆಲ್. ಆಮೇಲೆ ಕಾಳಿನಲ್ಲಿ ಕಾಲು ಇಡುವುದು. ನೀಲಿ ಪ್ಲಾಸ್ಟಿಕ್ ಬೇಸನ್‌ನಲ್ಲಿ ಎರಡು ಸೇರು ರಾಗಿ ಹಾಕಿ, ಅದರೊಳಗೆ ಪಾದ ಮುಳುಗಿಸಿ ಆಡಿಸಬೇಕು.

ನಮ್ಮ ಅತ್ತೆಗೆ ಇದನ್ನು ಒಪ್ಪಿಕೊಳ್ಳಲು ಆಗಲಿಲ್ಲ. ರಾಗಿ ಅಂದರೆ ಅನ್ನ. ಅನ್ನಕ್ಕೆ ಯಾರಾದರೂ ಕಾಲು ಹಾಕುತ್ತಾರಾ? ಕಾಳು ಕೆಳಗೆ ಬಿದ್ದರೆ ಎತ್ತಿ ಕಣ್ಣಿಗೆ ಒತ್ತಿಕೊಂಡು ಡಬ್ಬಿಗೆ ಹಾಕುವ ಜೀವ ಅದು. “ಮರಳು ತಗೊಳ್ಳಿ, ಮಣ್ಣು ತಗೊಳ್ಳಿ, ರಾಗಿ ಬೇಡ” ಅಂದರು. ಮರಳು ತಂದೆವು. ಅದು ಇನ್ನೂ ಆಗುತ್ತಿರಲಿಲ್ಲ, ಒಂದು ಹರಳು ತಾಗಿದರೂ ಕಿರುಚುತ್ತಿದ್ದಳು. ರಾಗಿಯೇ ಆಗಬೇಕಿತ್ತು. ಸಣ್ಣ ಕಾಳು, ನುಣುಪು, ತಂಪು. ಎರಡು ದಿನ ಅತ್ತೆ ಮಾತಾಡಲಿಲ್ಲ. ಮೂರನೇ ದಿನ ಬೆಳಿಗ್ಗೆ ತಾವೇ ರಾಗಿಯ ಡಬ್ಬಿ ತಂದರು. ಒಂದು ಮುಷ್ಟಿ ತೆಗೆದು ಹಣೆಗೆ ಮುಟ್ಟಿಸಿದರು, “ತಪ್ಪಾಯ್ತು ತಾಯಿ, ಮಗೂಗೋಸ್ಕರ” ಅಂದರು, ಬೇಸನ್‌ಗೆ ಸುರಿದರು.

ಮೊದಲ ದಿನ ಹೆಬ್ಬೆರಳಿನ ತುದಿ ಮಾತ್ರ ಮುಟ್ಟಿತು. ಹತ್ತು ಎಣಿಸುವವರೆಗೆ. ಅವಳೇ ಎಣಿಸಬೇಕು, ಅದು ನಿಯಮ. ಏಳಕ್ಕೆ ಬಂದಾಗ ಧ್ವನಿ ನಡುಗಿತು. ಎಂಟು ಬರಲು ತುಂಬ ಹೊತ್ತಾಯಿತು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಮಗುವಿಗೆ ನೋವಾಗುತ್ತಿರುವುದನ್ನು ನೋಡುತ್ತಾ, ನಿಲ್ಲಿಸು ಅನ್ನದೆ ಇರುವುದು ಎಷ್ಟು ಕಷ್ಟ ಅಂತ ಅನುಭವಿಸಿದವರಿಗೇ ಗೊತ್ತು. ಆದರೆ ಇದು ಹಾನಿ ಮಾಡುವ ನೋವಲ್ಲ ಅಂತ ವೈದ್ಯರು ಎಲ್ಲ ಪರೀಕ್ಷೆ ಮಾಡಿ ಖಚಿತಪಡಿಸಿದ್ದರು. ಅದೊಂದೇ ನನಗಿದ್ದ ಆಧಾರ. ಆ ಖಚಿತತೆ ಇಲ್ಲದೆ ಯಾರೂ ಮನೆಯಲ್ಲಿ ಹೀಗೆ ಮಾಡಬಾರದು. ಜ್ವರ, ಊತ, ತೂಕ ಇಳಿಯುವುದು, ರಾತ್ರಿ ಎಬ್ಬಿಸುವ ಮೂಳೆನೋವು, ಇವಕ್ಕೆಲ್ಲ ಬೇರೆ ಕಾರಣ ಇರಬಹುದು, ಅದನ್ನು ಮೊದಲು ನೋಡಿಸಲೇಬೇಕು.

ವ್ಯಾಯಾಮವೇ ಇಲ್ಲಿ ಮುಖ್ಯ ಔಷಧ ಅನ್ನುವುದಕ್ಕೆ ಹಳೆಯ ಆಧಾರವಿದೆ. ಅಮೆರಿಕದ ಡೇವಿಡ್ ಶೆರ್ರಿ ಎಂಬ ಮಕ್ಕಳ ವೈದ್ಯರು ಸಿ.ಆರ್.ಪಿ.ಎಸ್. ಇದ್ದ 103 ಮಕ್ಕಳ ವಿವರಗಳನ್ನು 1999ರಲ್ಲಿ ಪ್ರಕಟಿಸಿದರು. ದಿನಕ್ಕೆ ಐದಾರು ಗಂಟೆ ವ್ಯಾಯಾಮ, ಸರಾಸರಿ ಎರಡು ವಾರ. ಓಟ, ಜಿಗಿತ, ನೀರಿನಲ್ಲಿ ವ್ಯಾಯಾಮ, ಚರ್ಮಕ್ಕೆ ಸ್ಪರ್ಶದ ಅಭ್ಯಾಸ. 92 ಶೇಕಡಾ ಮಕ್ಕಳಲ್ಲಿ ಲಕ್ಷಣಗಳು ಪೂರ್ತಿ ಹೋದವು. ಹೋಲಿಸಿ ನೋಡಲು ಬೇರೊಂದು ಗುಂಪು ಇರಲಿಲ್ಲ ಅನ್ನುವ ಕೊರತೆ ಆ ಅಧ್ಯಯನಕ್ಕಿದೆ. ಆದರೂ ಆ ಸಂಖ್ಯೆಯನ್ನು ನಾನು ಎಷ್ಟು ಸಲ ಓದಿದೆನೋ.

ಓದಿದ ಮೇಲೆ ಹೊಸ ಚಿಂತೆ. ದಿನಕ್ಕೆ ಐದಾರು ಗಂಟೆ ವ್ಯಾಯಾಮ ಮಾಡಿಸುವವರು ಇಲ್ಲೆಲ್ಲಿ? ಜರ್ಮನಿಯ ಡಾಟೆಲ್ನ್ ಎಂಬ ಊರಿನಲ್ಲಿ ಮಕ್ಕಳ ನೋವಿಗೇ ಒಂದು ಕೇಂದ್ರವಿದೆ. ಅಲ್ಲಿ ಮಕ್ಕಳು ಮೂರು ವಾರ ಉಳಿದು, ವೈದ್ಯರು, ಮನಶ್ಶಾಸ್ತ್ರಜ್ಞರು, ಫಿಸಿಯೋಥೆರಪಿಸ್ಟ್ ಎಲ್ಲರ ಕೈಯಲ್ಲಿ ಚಿಕಿತ್ಸೆ ಪಡೆಯುತ್ತಾರೆ. ನಮಗೆ ಹತ್ತಿರದಲ್ಲಿ ಅಂಥದ್ದು ಸಿಗಲಿಲ್ಲ. ಆಗ ಕೈ ಹಿಡಿದದ್ದು ಬಾಸ್ಟನ್‌ನ ಒಂದು ಪುಟ್ಟ ಅಧ್ಯಯನ. 2002ರದ್ದು, 28 ಮಕ್ಕಳು. ಅರ್ಧದಷ್ಟು ಮಕ್ಕಳಿಗೆ ವಾರಕ್ಕೆ ಮೂರು ಸಲ ಫಿಸಿಯೋಥೆರಪಿ, ಉಳಿದವರಿಗೆ ವಾರಕ್ಕೆ ಒಂದೇ ಸಲ. ಎಲ್ಲರಿಗೂ ಜೊತೆಯಲ್ಲಿ ಮನೋಚಿಕಿತ್ಸೆ. ಆರು ವಾರ. ಎರಡೂ ಗುಂಪಿನ ಮಕ್ಕಳು ಸುಧಾರಿಸಿದರು. ವಾರಕ್ಕೊಮ್ಮೆಯೂ ಸಾಕಾಗಬಹುದು! ನಮ್ಮಂಥ ಊರಿನವರಿಗೆ ಅದು ಎಂಥ ಸುದ್ದಿ. ವಾರಕ್ಕೊಮ್ಮೆ ಫಿಸಿಯೋ, ಉಳಿದ ಆರು ದಿನ ಮನೆಯಲ್ಲಿ ರಾಗಿ, ಮೆಟ್ಟಿಲು, ಅಂಗಳದಲ್ಲಿ ನಡಿಗೆ. ಹೀಗೆ ಗೊತ್ತುಮಾಡಿಕೊಂಡೆವು.

ಮನೋಚಿಕಿತ್ಸೆ ಅಂದಾಗ ಮಾತ್ರ ಮನೆಯಲ್ಲಿ ಮತ್ತೆ ಗಲಿಬಿಲಿ. ಮಗಳೇ ಮೊದಲು ಕೇಳಿದಳು, “ಹಾಗಾದ್ರೆ ಡಾಕ್ಟರ್ ಕೂಡ ನಂಬಿಲ್ವಾ?” ನೋವು ನಿಜ ಅಂದವರೇ ಈಗ ಮನಸ್ಸಿನ ಡಾಕ್ಟರ್ ಹತ್ತಿರ ಕಳಿಸುತ್ತಿದ್ದಾರಲ್ಲ ಅನ್ನುವ ಸಂಕಟ ಅವಳದ್ದು. ನನಗೂ ಇತ್ತು. ಇದಕ್ಕೆ ಉತ್ತರ ಹುಡುಕುವಾಗ ನಮ್ಮ ಭಾಷೆಯೇ ನೆನಪಾಯಿತು. ಕಾಲು ಉಳುಕಿದರೂ ನೋವು ಅನ್ನುತ್ತೇವೆ, ಯಾರಾದರೂ ಬೈದರೂ ಮನಸ್ಸಿಗೆ ನೋವಾಯಿತು ಅನ್ನುತ್ತೇವೆ. ಎರಡಕ್ಕೂ ಒಂದೇ ಪದ ಇಟ್ಟುಕೊಂಡವರು ನಾವು. ಎರಡೂ ಹಾದುಹೋಗುವ ದಾರಿಗಳು ಮಿದುಳಿನಲ್ಲಿ ಒಂದಕ್ಕೊಂದು ಹತ್ತಿರ ಅಂತ ವೈದ್ಯರು ಹೇಳಿದಾಗ ಅತ್ತೆ, “ಅದನ್ನ ಹೇಳೋಕೆ ಡಾಕ್ಟರ್ ಬೇಕಾ?” ಅಂದರು.

2014ರಲ್ಲಿ ಲಾರಾ ಸೈಮನ್ಸ್ ಮತ್ತು ಜೊತೆಗಾರರು ಬಾಸ್ಟನ್‌ನಲ್ಲಿ ಸಿ.ಆರ್.ಪಿ.ಎಸ್. ಇದ್ದ ಮಕ್ಕಳ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದ್ದರು. ಭಯಕ್ಕೆ ಸಂಬಂಧಿಸಿದ ಅಮಿಗ್ಡಲಾ ಎಂಬ ಭಾಗ ಬೇರೆ ಭಾಗಗಳ ಜೊತೆ ಮಾಮೂಲಿಗಿಂತ ಬಿಗಿಯಾಗಿ ಬೆಸೆದುಕೊಂಡಿತ್ತು. ತೀವ್ರ ಚಿಕಿತ್ಸೆಯ ನಂತರ ಆ ಬಿಗಿ ಸಡಿಲವಾಯಿತು. ಅಂದರೆ ಕಾಲಿನ ನೋವಿನೊಳಗೆ ಭಯವೂ ನೇಯ್ದುಕೊಂಡಿರುತ್ತದೆ, ಮತ್ತು ಆ ನೇಯ್ಗೆಯನ್ನು ಬಿಡಿಸಬಹುದು. ಇದನ್ನು ಮಗಳಿಗೆ ತೋರಿಸಿದೆ. “ಅಂದ್ರೆ ಮೆಷಿನ್‌ನಲ್ಲಿ ಕಾಣತ್ತಾ?” ಅಂದಳು. ಎಲ್ಲ ಸ್ಕ್ಯಾನ್ ನಾರ್ಮಲ್ ಅಂತ ಕೇಳಿ ಕೇಳಿ ಬೇಸತ್ತಿದ್ದ ಹುಡುಗಿಗೆ, ತನ್ನಂಥವರಲ್ಲಿ ಏನೋ ಒಂದು ಕಾಣುತ್ತದೆ ಅನ್ನುವುದೇ ದೊಡ್ಡದಾಗಿತ್ತು.

ಮಾತ್ರೆಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಮಗಳಿಗೆ ಸ್ವಲ್ಪ ದಿನ ನಿದ್ದೆಗೆ ಸಹಾಯವಾಗುವ ಔಷಧ ಕೊಟ್ಟರು, ಆಮೇಲೆ ನಿಲ್ಲಿಸಿದರು. ಮೈಗ್ರೇನ್ ಇರುವ ಮಕ್ಕಳ ತಂದೆತಾಯಿಗೆ ಗೊತ್ತಿರಲಿ ಅಂತ ಎರಡು ವಿಷಯ ಮಾತ್ರ ಹೇಳುತ್ತೇನೆ. 2017ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗವೊಂದರಲ್ಲಿ 8ರಿಂದ 17 ವರ್ಷದವರಿಗೆ ಎರಡು ಹೆಸರಾಂತ ಮೈಗ್ರೇನ್ ಔಷಧಗಳನ್ನು ಕೊಟ್ಟು ನೋಡಿದರು. ತಲೆನೋವಿನ ದಿನಗಳು ಅರ್ಧಕ್ಕೆ ಇಳಿದ ಮಕ್ಕಳು ಒಂದು ಔಷಧದಲ್ಲಿ ಶೇ 52, ಇನ್ನೊಂದರಲ್ಲಿ ಶೇ 55, ಔಷಧವೇ ಇಲ್ಲದ ಖಾಲಿ ಮಾತ್ರೆಯಲ್ಲಿ ಶೇ 61. ಅದಕ್ಕೆ ಮೊದಲು, 2013ರಲ್ಲಿ, 135 ಮಕ್ಕಳ ಮೇಲಿನ ಇನ್ನೊಂದು ಪ್ರಯೋಗದಲ್ಲಿ ಔಷಧದ ಜೊತೆ ಅರಿವು-ವರ್ತನೆಯ ಚಿಕಿತ್ಸೆ ಎಂಬ ಮನೋಚಿಕಿತ್ಸೆಯನ್ನೂ ಕೊಟ್ಟಾಗ ಶೇ 66 ಮಕ್ಕಳಿಗೆ ಅಷ್ಟು ಗುಣ ಕಂಡಿತು. ಔಷಧದ ಜೊತೆ ಬರೀ ತಲೆನೋವಿನ ಬಗ್ಗೆ ತಿಳಿವಳಿಕೆ ಕೊಟ್ಟವರಲ್ಲಿ ಶೇ 36. ವಿಶ್ವ ಆರೋಗ್ಯ ಸಂಸ್ಥೆ 2020ರ ಕೊನೆಯಲ್ಲಿ ಮಕ್ಕಳ ದೀರ್ಘಕಾಲದ ನೋವಿಗೆ ಮಾರ್ಗಸೂಚಿ ತಂದಾಗ ವ್ಯಾಯಾಮ, ಮನೋಚಿಕಿತ್ಸೆ, ಔಷಧ ಮೂರನ್ನೂ ಒಟ್ಟಿಗೆ ಇಟ್ಟು ನೋಡಿತು.

ಈಗ ನಾನು ನಿಜವಾಗಿ ಹೇಳಬೇಕು ಅಂತ ಕೂತ ವಿಷಯಕ್ಕೆ ಬರುತ್ತೇನೆ.

ನನ್ನ ಹತ್ತಿರ ಒಂದು ನೋಟ್‌ಬುಕ್ ಇತ್ತು. ಲೆಕ್ಕದ ಟೀಚರ್ ಅಲ್ವಾ, ಅಂಕಣ ಎಳೆದಿದ್ದೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. ಸೊನ್ನೆಯಿಂದ ಹತ್ತರವರೆಗೆ ಎಷ್ಟು ನೋವು ಅಂತ ಕೇಳಿ ಬರೆದಿಡುತ್ತಿದ್ದೆ. ಏಳು, ಎಂಟು, ಎಂಟು. ಎಂಟು, ಒಂಬತ್ತು, ಎಂಟು. ಬರೆಯುವ ಹೊತ್ತು ಬಿಟ್ಟು ಉಳಿದ ಹೊತ್ತಲ್ಲೂ ಕೇಳುತ್ತಿದ್ದೆ. ಹಾಲು ಕೊಡುವಾಗ, ತಲೆ ಬಾಚುವಾಗ, ಸ್ಟಾಫ್ ರೂಮಿನಿಂದ ಫೋನ್ ಮಾಡಿ. “ನೋವು ಹೇಗಿದೆ ಕಂದಾ?” ನನ್ನ ಪ್ರೀತಿಯೆಲ್ಲ ಆ ಒಂದೇ ಪ್ರಶ್ನೆಯ ರೂಪದಲ್ಲಿ ಹೊರಬರುತ್ತಿತ್ತು. ಬೇರೆ ಮಾತೇ ನನಗೆ ಬರುತ್ತಿರಲಿಲ್ಲ.

ಮನಶ್ಶಾಸ್ತ್ರಜ್ಞೆ ಎರಡನೇ ಭೇಟಿಯಲ್ಲಿ ಆ ನೋಟ್‌ಬುಕ್ ಕೇಳಿ ತೆಗೆದುಕೊಂಡರು. ಪುಟ ತಿರುವಿ ನೋಡಿ, ಬೈಯದೆ, ಒಂದು ಅಧ್ಯಯನದ ಕಥೆ ಹೇಳಿದರು. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಲಿನ್ ವಾಕರ್ ಮತ್ತು ಜೊತೆಗಾರರು 2006ರಲ್ಲಿ ಪ್ರಕಟಿಸಿದ್ದು. ಪದೇ ಪದೇ ಹೊಟ್ಟೆನೋವು ಬರುವ ಮಕ್ಕಳು, ಆರೋಗ್ಯವಾಗಿರುವ ಮಕ್ಕಳು, ಇಬ್ಬರನ್ನೂ ಕರೆಸಿದರು. ಹೊಟ್ಟೆ ಪೂರ್ತಿ ತುಂಬುವವರೆಗೆ ನೀರು ಕುಡಿಸಿದರು. ಹಾಗೆ ಕುಡಿದರೆ ಯಾರಿಗಾದರೂ ಹೊಟ್ಟೆ ಕಿವುಚುತ್ತದೆ. ಆಮೇಲೆ ತಂದೆ ಅಥವಾ ತಾಯಿಯನ್ನು ಒಳಗೆ ಕಳಿಸಿದರು. ಕೆಲವರಿಗೆ ಮಗುವಿನ ನೋವಿಗೆ ಗಮನ ಕೊಟ್ಟು ಮಾತಾಡಿ ಅಂತ ಹೇಳಿಕೊಟ್ಟಿದ್ದರು. ಕೆಲವರಿಗೆ ಮಾತನ್ನು ಬೇರೆ ಕಡೆ ತಿರುಗಿಸಿ ಅಂತ. ಇನ್ನು ಕೆಲವರಿಗೆ ಏನೂ ಹೇಳಿರಲಿಲ್ಲ. ಒಳಗೆ ಮಗು ಎಷ್ಟು ಸಲ ನೋವಿನ ಮಾತು ಎತ್ತುತ್ತದೆ ಅಂತ ಎಣಿಸಿದರು. ಏನೂ ಹೇಳದ ಗುಂಪಿಗೆ ಹೋಲಿಸಿದರೆ, ಗಮನ ಕೊಟ್ಟ ತಂದೆತಾಯಿಯ ಮಕ್ಕಳಲ್ಲಿ ಆ ಎಣಿಕೆ ಹೆಚ್ಚುಕಮ್ಮಿ ಎರಡು ಪಟ್ಟಾಯಿತು. ಮಾತು ತಿರುಗಿಸಿದವರಲ್ಲಿ ಅರ್ಧಕ್ಕೆ ಇಳಿಯಿತು.

ಇಷ್ಟೇ ಆಗಿದ್ದರೆ ನನಗೆ ಬರೀ ತಪ್ಪಿತಸ್ಥ ಭಾವನೆ ಬರುತ್ತಿತ್ತು. ಆದರೆ ಅವರು ಹೇಳಿದ ಮುಂದಿನ ಮಾತು ಬೇರೆ. ನೋವಿರುವ ಮಕ್ಕಳ ತಂದೆತಾಯಿಗೆ, ಮಾತು ತಿರುಗಿಸಿದರೆ ಮಗುವಿಗೆ ಕೆಟ್ಟದಾಗುತ್ತದೆ ಅಂತ ಅನ್ನಿಸಿತ್ತಂತೆ. ಆದರೆ ಮಕ್ಕಳನ್ನು ಕೇಳಿದಾಗ, ಮಾತು ತಿರುಗಿಸಿದ್ದೇ ಹಿತವಾಗಿತ್ತು ಅಂದರಂತೆ.

ಬಸ್ಸಿನಲ್ಲಿ ವಾಪಸ್ ಬರುವಾಗ ಮಗಳನ್ನೇ ಕೇಳಿದೆ. “ನಾನು ಕೇಳಿದಾಗೆಲ್ಲ ನಿಂಗೆ ಏನನ್ಸತ್ತೆ?” ಸ್ವಲ್ಪ ಹೊತ್ತು ಕಿಟಕಿ ಹೊರಗೆ ನೋಡಿದಳು. “ಕೇಳಿದ ಕೂಡ್ಲೇ ಕಾಲಿನ ಹತ್ರ ಹೋಗಿ ನೋಡ್ಕೊಂಡು ಬರಬೇಕಲ್ಲಮ್ಮ. ಮರೆತಿದ್ರೂ.”

ಎಷ್ಟು ಸಲ ಅವಳು ಮರೆತಿದ್ದಳೋ, ಎಷ್ಟು ಸಲ ನಾನು ಕಳಿಸಿದೆನೋ.

ಕೇಳುವುದನ್ನು ನಿಲ್ಲಿಸುವುದು ಅಂದರೆ ಅಲಕ್ಷ್ಯ ಮಾಡುವುದಲ್ಲ. ಇದು ನನಗೆ ಅರ್ಥವಾಗಲು ತಡವಾಯಿತು. ಅವಳಾಗಿ ಹೇಳಿದರೆ ಕೇಳಿಸಿಕೊಳ್ಳುತ್ತಿದ್ದೆ, ನಂಬುತ್ತಿದ್ದೆ. ನಾನಾಗಿ ಕೆದಕುತ್ತಿರಲಿಲ್ಲ. ನೋಟ್‌ಬುಕ್‌ನಲ್ಲಿ ಹೊಸ ಅಂಕಣ ಎಳೆದೆ. ಇವತ್ತು ಏನು ಮಾಡಿದಳು? ಗೇಟಿನವರೆಗೆ ನಡೆದಳು. ಅಜ್ಜಿ ಜೊತೆ ಚೌಕಾಬಾರ ಆಡಿದಳು. ಕಾಲುಚೀಲ ನಾಲ್ಕು ನಿಮಿಷ. ಜೂನ್‌ನಲ್ಲಿ ಶಾಲೆ ತೆರೆದಾಗ ಮೊದಲು ಎರಡು ಪೀರಿಯಡ್, ಆಮೇಲೆ ಅರ್ಧ ದಿನ. ಶಾಲೆಯವರು ಒಪ್ಪಲು ವೈದ್ಯರ ಪತ್ರ ಬೇಕಾಯಿತು, ಎರಡು ಸಲ ಹೋಗಿ ಮಾತಾಡಬೇಕಾಯಿತು. ನೋವು ಪೂರ್ತಿ ಹೋದ ಮೇಲೆ ಶಾಲೆಗೆ ಬರಲಿ ಅನ್ನುವುದು ಅವರ ಅಭಿಪ್ರಾಯ. ನನ್ನದೂ ಮೊದಲು ಅದೇ ಆಗಿತ್ತು. ನೋವಿನ ಚಿಕಿತ್ಸೆ ಮಾಡುವವರು ಹೇಳುವುದು ತಿರುಗಾಮುರುಗಾ. ಶಾಲೆ, ಆಟ, ನಿದ್ದೆ, ಗೆಳತಿಯರು ಮೊದಲು ವಾಪಸ್ ಬರಬೇಕು. ನೋವು ಕಡಿಮೆಯಾಗುವುದು ಆಮೇಲೆ, ಬಹಳ ಸಲ ಕೊನೆಯಲ್ಲಿ. ನಮ್ಮ ಮನೆಯಲ್ಲೂ ಹಾಗೇ ಆಯಿತು. ಅವಳು ಪೂರ್ತಿ ದಿನ ಶಾಲೆಗೆ ಹೋಗಲು ಶುರುಮಾಡಿ ಒಂದು ತಿಂಗಳ ಮೇಲೆ, ಗಣಪತಿ ಹಬ್ಬದ ಹೊತ್ತಿಗೆ, ಒಂದು ರಾತ್ರಿ ಫ್ಯಾನ್ ತಿರುಗುತ್ತಿರುವುದನ್ನು ನೋಡಿದೆ. ಅವಳೇ ಹಾಕಿಕೊಂಡು ಮಲಗಿದ್ದಳು. ಯಾವತ್ತಿನಿಂದ ಅಂತ ನನಗೆ ಗೊತ್ತಿಲ್ಲ.

ಬೆಂಚಿನ ಮೇಲೆ ತಲೆ ಇಡುತ್ತಿದ್ದ ಆ ಹುಡುಗನ ಅಪ್ಪ ಅಮ್ಮನನ್ನು ಕರೆಸಿ ಮಾತಾಡಿದೆ. ಅವನಿಗೆ ಈಗ ಮೈಗ್ರೇನ್‌ಗೆ ಚಿಕಿತ್ಸೆ ನಡೆಯುತ್ತಿದೆ. ತಲೆನೋವಿದ್ದ ದಿನ ಕಿಟಕಿಯಿಂದ ದೂರ, ಬೆಳಕು ಕಡಿಮೆ ಇರುವ ಬೆಂಚಿನಲ್ಲಿ ಕೂರುತ್ತಾನೆ. ಲೆಕ್ಕ ಮಾಡುತ್ತಾನೆ.

ಶೆರ್ರಿ ಅವರ ಅಧ್ಯಯನದಲ್ಲಿ ನಾನು ಮೊದಲು ಓದಲು ಇಷ್ಟಪಡದ ಇನ್ನೊಂದು ಸಾಲಿತ್ತು. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಗಮನಿಸಿದ 49 ಮಕ್ಕಳಲ್ಲಿ ಶೇ 88 ಮಂದಿ ಚೆನ್ನಾಗಿದ್ದರು. ಆದರೆ ಶೇ 31 ಮಕ್ಕಳಿಗೆ ನಡುವೆ ಒಮ್ಮೆಯಾದರೂ ನೋವು ಮರಳಿ ಬಂದು ಹೋಗಿತ್ತು. ಮೂವರಲ್ಲಿ ಒಬ್ಬರಿಗೆ.

ಹೋದ ಫೆಬ್ರವರಿಯಲ್ಲಿ ಅದು ನಮ್ಮ ಮನೆಗೂ ಬಂತು. ಬಸ್ ಇಳಿಯುವಾಗ ಸ್ವಲ್ಪ ಎಡವಿದಳು ಅಷ್ಟೇ. ಎರಡನೇ ದಿನ ಪಾದ ತಣ್ಣಗಿತ್ತು. ಆ ನೇರಳೆ ಬಣ್ಣ ನೋಡಿದ ಕೂಡಲೇ ನನ್ನ ಕೈಕಾಲು ಆಡಲಿಲ್ಲ. ಬಾಯಿಗೆ ಬಂದದ್ದು ಅದೇ ಪ್ರಶ್ನೆ. ನುಂಗಿಕೊಂಡೆ. ವೈದ್ಯರಿಗೆ ಫೋನ್ ಮಾಡಬೇಕು ಅಂತ ಒಳಗೆ ಹೋದೆ, ಮಾಡಿದೆ, ಅವರು ಹಳೆಯ ಅಭ್ಯಾಸಗಳನ್ನೇ ಇವತ್ತಿನಿಂದ ಶುರುಮಾಡಿ ಅಂದರು. ಹೊರಗೆ ಬಂದು ನೋಡಿದರೆ ನಡುಮನೆಯಲ್ಲಿ ನೀಲಿ ಬೇಸನ್ ಇತ್ತು. ಅತ್ತೆ ಸೇರಿನಲ್ಲಿ ರಾಗಿ ಅಳೆದು ಹಾಕುತ್ತಿದ್ದರು. ಮಗಳು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಪ್ಯಾಂಟ್ ಮಡಚಿಕೊಳ್ಳುತ್ತಿದ್ದಳು.

“ಇನ್ನೊಂದು ಸೇರು ಹಾಕಜ್ಜಿ” ಅಂದಳು. “ಕಾಲು ದೊಡ್ಡದಾಗಿದೆ ಈಗ.”